ಎರಡನೆಯ ಹಾಳೆ

೬ ಜನವರಿ ೧೯೫೭, ಭಾನುವಾರ. ಶಿಕಾರಿಪುರ

ನೆಲದ ಮೇಲೆ ಸೋತವರಲ್ಲ ನಾವು, ನೀರಿನ ಮೇಲೆ ಸೋತವರು. ಈ ಮಾತನ್ನು ಇಂದು ಪುಸ್ತಿಕೆಯ ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದೆ. ದೇಶದ ಹಡಗುಗಳ ಬಗ್ಗೆ ಶಿವಮೊಗ್ಗದಿಂದ ಅಂಚೆಯಲ್ಲಿ ತರಿಸಿದ ಮೂವತ್ತೆರಡು ಪುಟಗಳ ಪುಸ್ತಿಕೆ, ಮೂರನೆಯ ಸಲ ಓದಿ ಮುಗಿಸಿದ್ದೇನೆ. ನಮ್ಮನ್ನು ಆಳಿದವರೆಲ್ಲ ಹಡಗು ಹತ್ತಿ ಬಂದರು. ಅವರು ಹೋಗಿ ಹತ್ತು ವರ್ಷವಾಗುತ್ತ ಬಂತು. ಅವರು ಯುದ್ಧದಲ್ಲಿ ದುಡಿಸಿ ದಣಿಸಿದ ಹಡಗುಗಳನ್ನೇ ನಾವು ಕೊಂಡು, ಹೆಸರು ಬದಲಿಸಿ, ಬಾವುಟ ಏರಿಸುತ್ತಿದ್ದೇವೆ. ಕೊಳ್ಳುವ ದೇಶಕ್ಕೂ ಕಟ್ಟುವ ದೇಶಕ್ಕೂ ಇರುವ ಅಂತರವೇ ಗುಲಾಮನಿಗೂ ಯಜಮಾನನಿಗೂ ಇರುವ ಅಂತರ.

ತಾಲ್ಲೂಕು ಕಚೇರಿಯ ಜಗುಲಿಯಲ್ಲಿ ಅರ್ಜಿ ಬರೆಯುವ ಉಸ್ಮಾನ್ ಸಾಬರ ಕೈಕೆಳಗೆ ನಾನು ಎರಡು ವರ್ಷದಿಂದ ಇದ್ದೇನೆ. ನಿನ್ನೆ ಅವರು ಪುಸ್ತಿಕೆಯನ್ನು ಕಣ್ಣಿಂದ ದೂರ ಹಿಡಿದು ನೋಡಿದರು.

"ಏನಪ್ಪ ಆನಂದಪ್ಪ, ನಿಮ್ಮೂರು ಜಡೆಯ ಕೆರೇಲಿ ತೆಪ್ಪ ನಡೆಸಾಕ್ ಬರ್ತದೇನು ನಿಂಗೆ?"

"ಇಲ್ರೀ."

"ಮತ್ತೆ ಸಮುದ್ರದ ಉಸಾಬರಿ ಯಾಕ್ ಬೇಟಾ? ಮೊದ್ಲು ಆ ಗುಡ್ಡಮ್ಮನ ಖಾತೆ ಅರ್ಜಿ ದಡ ಮುಟ್ಸು."

ನಕ್ಕರು. ಜಗುಲಿಯಲ್ಲಿ ಕೂತಿದ್ದವರೂ ನಕ್ಕರು. ನಗಲಿ. ಸಮುದ್ರ ನೋಡದವನು ಸಮುದ್ರದ ಬಗ್ಗೆ ಯೋಚಿಸಬಾರದೆಂದರೆ, ದೆಹಲಿ ನೋಡದವರು ಓಟು ಹಾಕಲೂಬಾರದು.

೧೭ ಜನವರಿ, ಗುರುವಾರ

ಅಣ್ಣನ ಕಾಗದ ಬಂದಿದೆ. ಓದಿದಾಗಿನಿಂದ ಮೈ ಉರಿಯುತ್ತಿದೆ.

ಕಲ್ಲಪ್ಪಣ್ಣ ನೌಕಾದಳ ಸೇರಿ ಆರು ವರ್ಷ. ಬಾಯ್ಲರ್ ಕೋಣೆಯಲ್ಲಿ ಕೆಲಸ. ಅವನ ಹಡಗು ಇಂಗ್ಲಿಷರಿಂದ ಬಂದ ಹಳೆಯದು. ನವೆಂಬರಿನಲ್ಲಿ ಬಾಯ್ಲರಿನ ಕೊಳವೆಯೊಂದು ಒಡೆದು ಹಬೆ ನುಗ್ಗಿತಂತೆ. ಎಡಗೈ ಮೊಣಕೈವರೆಗೆ ಬೆಂದುಹೋಯಿತು. ಮೂರು ವಾರ ಆಸ್ಪತ್ರೆ. "ಈಗ ಹೊಸ ಚರ್ಮ ಬಂದಿದೆ. ಅಪ್ಪನಿಗೂ ಅವ್ವನಿಗೂ ಹೇಳಬೇಡ, ನಾನೇ ಬಂದಾಗ ತೋರಿಸುತ್ತೇನೆ. ನೀನೊಬ್ಬ ತಿಳಿದಿರಲಿ ಎಂದು ಬರೆದೆ" ಎಂದಿದ್ದಾನೆ. ಕೊನೆಯಲ್ಲಿ, ಹೊಸ ಹಡಗುಗಳ ಯಂತ್ರ ಕಲಿಯಲು ಕೆಲವರನ್ನು ಕಳಿಸುತ್ತಾರೆ, ಆ ಪಟ್ಟಿಯಲ್ಲಿ ಅವನ ಹೆಸರೂ ಇದೆ ಎಂದು ಏನೋ ಬರೆದಿದ್ದಾನೆ.

ಪುಸ್ತಿಕೆಯಲ್ಲಿ ಓದಿದ್ದು ನಮ್ಮ ಮನೆಯಲ್ಲೇ ನಡೆದುಹೋಗಿದೆ! ಇನ್ನು ಯಾರಾದರೂ ನಗಲಿ ನೋಡೋಣ.

೨೭ ಜನವರಿ, ಭಾನುವಾರ

ಸಂತೆ ಮೈದಾನದಲ್ಲಿ ಚುನಾವಣೆಯ ಸಭೆ. ಅಭ್ಯರ್ಥಿ ರಸ್ತೆ ಎಂದರು, ಶಾಲೆ ಎಂದರು, ಕಾಲುವೆ ಎಂದರು. ಪ್ರಶ್ನೆ ಕೇಳಬಹುದು ಎಂದಾಗ ಎದ್ದು ನಿಂತೆ.

"ದೇಶದ ಹಡಗುಗಳನ್ನು ದೇಶದಲ್ಲೇ ಕಟ್ಟುವ ಬಗ್ಗೆ ತಮ್ಮ ನಿಲುವೇನು?"

ಹಿಂದಿನಿಂದ ಒಬ್ಬ ಕೂಗಿದ: "ಲೇ ತಮ್ಮಾ, ಕೆರೆ ಏರಿ ಬಿರುಕು ಬಿಟ್ಟೈತೆ, ಅದನ್ನ ಕೇಳೋ!" ಮೈದಾನವೆಲ್ಲ ನಗೆ. ಅಭ್ಯರ್ಥಿಯೂ ನಕ್ಕು, ಬೆವರು ಒರೆಸಿಕೊಂಡು ಕೂತರು.

ನಾನು ಹೊರಟಾಗ ಅವರ ಬಲಗೈಯಂತಿರುವ ವಕೀಲ ಚಂದ್ರಶೇಖರಪ್ಪ ಕರೆದರು. ಅಣ್ಣನ ಕೈಯ ವಿಷಯ ಹೇಳಿಬಿಟ್ಟೆ. ಅವರು ನಗಲಿಲ್ಲ.

"ನೀವು ಹೇಳಿದ್ರೆ ಭಾಷಣ ಆಗತ್ತೆ ಕಣ್ರೀ. ಆ ಹುಡುಗನ ಅಪ್ಪ ಹೇಳಿದ್ರೆ ಸಂಗತಿ ಆಗತ್ತೆ. ತಂದೆ ಹೆಸರಲ್ಲಿ ದೆಹಲಿಗೆ ಒಂದು ಮನವಿ ಬರೀರಿ, ನಕಲು ನನಗೆ ಕೊಡ್ರಿ. ನಮ್ಮವರು ವೇದಿಕೆ ಮೇಲೇ ಮಾತು ಕೊಡೋ ಹಾಗೆ ಮಾಡ್ತೀನಿ."

ಸಂಗತಿ! ಎಷ್ಟು ಸರಿಯಾದ ಮಾತು.

೪ ಫೆಬ್ರವರಿ, ಸೋಮವಾರ

ಕೆಲಸ ಆಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅಪ್ಪ ಜಡೆಯಿಂದ ಬೆಳಗಿನ ಬಸ್ಸಿಗೆ ಬಂದರು. ಊರ ಕೆರೆಯ ತೂಬು ಕೆಟ್ಟಿದೆ, ರಿಪೇರಿಗೆ ಅರ್ಜಿ. ಕೊಡುವುದು ಸೊರಬದ ಕಚೇರಿಗೆ. ಆದರೂ ಬರೆಸಲು ಮಗನ ಬಳಿಗೇ ಬರುತ್ತಾರೆ. ಉಸ್ಮಾನ್ ಸಾಬರದು ಒಂದು ಕಟ್ಟಳೆ. ಓದು ಬಾರದವರ ಅರ್ಜಿಯನ್ನು ಎರಡು ಸಲ ಗಟ್ಟಿಯಾಗಿ ಓದಬೇಕು. ಆಮೇಲೆ "ಇದು ನಿನ್ನ ಮಾತೇನಪ್ಪ?" ಎಂದು ಕೇಳಬೇಕು. "ನಂದೇ" ಎಂದ ಮೇಲೆಯೇ ಶಾಯಿಯ ಡಬ್ಬಿಯ ಮುಚ್ಚಳ ತೆಗೆಯಬೇಕು. ಅರ್ಜಿಯ ಕೆಳಗೆ "ಓದಿ ಹೇಳಿದ್ದನ್ನು ಕೇಳಿ, ಸರಿಯೆಂದು ಒಪ್ಪಿ ಹೆಬ್ಬೆಟ್ಟು ಒತ್ತಿದ್ದಾರೆ" ಎಂಬ ಸಾಲು, ಅದರ ಕೆಳಗೆ ಬರೆದವನ ಸಹಿ. ನಮ್ಮಪ್ಪ ಹುಚ್ಚರಾಯಪ್ಪನವರಿಗೆ ಎರಡು ಸಲವೂ ಸಾಲದು. ಮೂರು ಸಲ ಓದಿಸುತ್ತಾರೆ. ಇಂದೂ ತೂಬಿನ ಅರ್ಜಿಯನ್ನು ಮೂರು ಸಲ ಓದಿಸಿ, "ಸ್ವಲ್ಪ ಸೋರುತ್ತದೆ" ಎಂದಿದ್ದನ್ನು "ಸೋರುತ್ತದೆ" ಎಂದು ತಿದ್ದಿಸಿದರು. "ಸ್ವಲ್ಪ ಅಂದ್ರ ಅವ್ರು ಇನ್ನೊಂದ್ ವರ್ಷ ಬಿಡ್ತಾರ."

ಉಸ್ಮಾನ್ ಸಾಬರು ನಮಾಜಿಗೆ ಹೋಗಿದ್ದರು. ಹೆಬ್ಬೆರಳಿನ ಶಾಯಿ ಇನ್ನೂ ಹಸಿಯಾಗಿತ್ತು. ನಾನು ಎರಡನೆಯ ಹಾಳೆಯನ್ನು ಮುಂದಿಟ್ಟೆ.

"ಇದೇನು?"

"ಅದರದೇ ಇನ್ನೊಂದು ನಕಲಪ್ಪ."

ಒತ್ತಿದರು. ಓದು ಎನ್ನಲಿಲ್ಲ. ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು, "ನಿಮ್ಮವ್ವ ಚಕ್ಕುಲಿ ಕಳ್ಸ್ಯಾಳ, ತಗ" ಎಂದು ಗಂಟು ಕೊಟ್ಟು ಬಸ್ಸಿಗೆ ಹೋದರು.

ಸುಳ್ಳೆಂದರೆ ಸುಳ್ಳೇ. ಆದರೆ ಅರ್ಜಿಯಲ್ಲಿರುವುದು ಸತ್ಯ. ಓದಿ ಹೇಳಿದ್ದರೆ ಅಣ್ಣನ ಕೈಯ ಸುದ್ದಿ ತಿಳಿದು ಅಪ್ಪ ಕುಸಿಯುತ್ತಿದ್ದರು. ಅಣ್ಣನೂ ಹೇಳಬೇಡ ಎಂದಿದ್ದಾನೆ. ಹಾಗೆ ನೋಡಿದರೆ ನಾನು ಅಣ್ಣನ ಮಾತನ್ನೂ ಅಪ್ಪನ ನೆಮ್ಮದಿಯನ್ನೂ ಉಳಿಸಿದ್ದೇನೆ. ಒಂದು ದೇಶ ಎದ್ದು ನಿಲ್ಲಲು ಒಂದು ಹೆಬ್ಬೆಟ್ಟು ಬೇಕಾದರೆ ಅದು ನಮ್ಮ ಮನೆಯದೇ ಆಗಿರಲಿ.

೧೯ ಫೆಬ್ರವರಿ, ಮಂಗಳವಾರ

ಮನವಿ ಕರಪತ್ರವಾಗಿ ಅಚ್ಚಾಗಿದೆ! "ಒಬ್ಬ ನಾವಿಕನ ತಂದೆಯ ಕೂಗು." ಕೆಳಗೆ ಅಪ್ಪನ ಹೆಸರು, ಊರು, ಅಣ್ಣನ ಹೆಸರು, ಹಡಗಿನ ಹೆಸರು. ಹಂಚುವುದು ಶಿಕಾರಿಪುರ ತಾಲ್ಲೂಕಿನಲ್ಲಿ ಮಾತ್ರ, ಜಡೆಗೆ ಮುಟ್ಟುವುದಿಲ್ಲ. ಶಿರಾಳಕೊಪ್ಪದ ಸಭೆಯಲ್ಲಿ ಚಂದ್ರಶೇಖರಪ್ಪ ಅದನ್ನು ಓದಿದಾಗ ಹೆಂಗಸರು ಕಣ್ಣೊರೆಸಿಕೊಂಡರು. ಅಭ್ಯರ್ಥಿ ಎದ್ದು ನಿಂತು ಕೈ ಮುಂದೆ ಚಾಚಿ, "ಈ ತಂದೆಯ ಮಕ್ಕಳು ನಾಳೆ ನಿಲ್ಲುವ ಹಡಗನ್ನು ನಮ್ಮ ಕಬ್ಬಿಣದಿಂದ, ನಮ್ಮ ಕೈಯಿಂದ ಕಟ್ಟಿಸುವವರೆಗೆ ನಾನು ಸುಮ್ಮನಿರುವುದಿಲ್ಲ, ಇದು ನನ್ನ ಮಾತು" ಎಂದರು. ಚಪ್ಪಾಳೆ ನಿಲ್ಲಲೇ ಇಲ್ಲ. ಕೆರೆ ಏರಿ ಎಂದು ಕೂಗಿದವನು ಎಲ್ಲಿ ಹೋದನೋ! ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ ಹಡಗಿಗಾಗಿ ಚಪ್ಪಾಳೆ ಬಿದ್ದಿದೆ. ಬಸ್ಸಿಗೆ ಕಾಯಲಾರದೆ ನಡೆದೇ ಶಿಕಾರಿಪುರಕ್ಕೆ ಬಂದೆ. ದಾರಿಯುದ್ದಕ್ಕೂ ಗಟ್ಟಿಯಾಗಿ ಮಾತಾಡಿಕೊಂಡು ಬಂದೆನೆಂದು ಕಾಣುತ್ತದೆ, ಎದುರು ಬಂದ ಗಾಡಿಯವನು ಎತ್ತು ನಿಲ್ಲಿಸಿ ನೋಡಿದ.

ಮನವಿಯನ್ನು ದೆಹಲಿಗೆ ರಿಜಿಸ್ಟರ್ ಮಾಡಿದ್ದೇನೆ.

೨೧ ಮಾರ್ಚ್, ಗುರುವಾರ

ಅಭ್ಯರ್ಥಿ ಸೋತರು. ಚಂದ್ರಶೇಖರಪ್ಪನವರ ಮನೆಗೆ ಹೋಗಿದ್ದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಹಡಗಿನ ವಿಷಯ ಮುಂದೇನು ಮಾಡೋಣ?"

"ಯಾವ ಹಡಗು? ಓ, ಅದಾ. ಸೋತವರ ಮಾತನ್ನ ಯಾರು ಕೇಳ್ತಾರ್ರೀ. ಐದು ವರ್ಷ ಬಿಟ್ಟು ಬನ್ನಿ."

ಹೇಡಿಗಳು.

೧೨ ಏಪ್ರಿಲ್, ಶುಕ್ರವಾರ

ಅಣ್ಣನ ಕಾಗದ. ನಾಲ್ಕೇ ಸಾಲು.

"ಅಪ್ಪನ ಹೆಸರಿನ ಅಚ್ಚಾದ ಕಾಗದವೊಂದು ನಮ್ಮ ಅಧಿಕಾರಿಗಳ ಮೇಜಿನ ಮೇಲೆ ಬಂದಿದೆ. ಹಡಗಿನ ಒಳಗಿನ ಸಂಗತಿ ಹೊರಗೆ ಹೇಳಿದವರು ಯಾರು ಎಂದು ಕೇಳಿದರು. ನಾನು ಬಾಯಿ ಬಿಡಲಿಲ್ಲ. ವಿಚಾರಣೆ ಮುಗಿಯುವ ತನಕ ತರಬೇತಿಯ ಪಟ್ಟಿಯಲ್ಲಿ ನನ್ನ ಹೆಸರು ತಡೆದಿದ್ದಾರೆ."

ನೀನೇ ಬರೆದೆಯಾ ಎಂದು ಕೇಳಿಲ್ಲ. ಕೇಳಿದ್ದರೆ ಉತ್ತರ ಬರೆಯಬಹುದಿತ್ತು.

೧೪ ಏಪ್ರಿಲ್, ಭಾನುವಾರ

ಒಬ್ಬನಿಗೆ ತೊಂದರೆಯಾಗದೆ ಯಾವ ಸತ್ಯವೂ ಹೊರಬಂದಿಲ್ಲ. ಪುಸ್ತಿಕೆಯ ಹನ್ನೊಂದನೆಯ ಪುಟದಲ್ಲಿ ಇದೆ. ಆ ಪುಟವನ್ನು ಮತ್ತೆ ಓದಿದೆ. ಮೊದಲು ಓದಿದಾಗ ಆ ಮಾತು ಇನ್ನೂ ದೊಡ್ಡದಾಗಿತ್ತು ಎನಿಸುತ್ತದೆ.

೧೪ ಜೂನ್, ಶುಕ್ರವಾರ. ಸೊರಬ

ಅಪ್ಪನಿಗೆ ಸೊರಬ ತಾಲ್ಲೂಕಿನ ಅಮಲ್ದಾರರ ಕಚೇರಿಯಿಂದ ಕರೆ ಬಂದಿದೆ ಎಂದು ಜಡೆಯಿಂದ ಹೇಳಿಕಳಿಸಿದ್ದರು. ತೂಬಿನ ಅರ್ಜಿಗೇ ಇರಬೇಕೆಂದು ಅಪ್ಪ ಬಿತ್ತನೆ ಬಿಟ್ಟು ಒಗೆದ ರುಮಾಲು ಸುತ್ತಿಕೊಂಡು ಬಂದಿದ್ದರು. ನನ್ನನ್ನು ಕಂಡು ಮುಖ ಅರಳಿತು. "ನೀ ಬರೆದ ಅರ್ಜಿ ನಾಟೈತೆ ನೋಡು." ಹೇಳಿಬಿಡಬೇಕೆಂದುಕೊಂಡೆ. ಅಷ್ಟರಲ್ಲಿ ಜವಾನ ಕರೆದ.

ಅಮಲ್ದಾರರು ಮರ್ಯಾದಸ್ತರು. ಅಪ್ಪನನ್ನು ಬೆಂಚಿನ ಮೇಲೆ ಕೂರಲು ಹೇಳಿ, ದೆಹಲಿಯಿಂದ ತಿರುಗಿ ಬಂದ ಮನವಿಯನ್ನು ಓದಲು ಶುರುಮಾಡಿದರು. ನನ್ನ ಅಕ್ಷರಗಳು ಅವರ ಬಾಯಲ್ಲಿ ಬೇರೆಯಾಗಿ ಕೇಳಿಸಿದವು. "ನನ್ನ ಹಿರಿಯ ಮಗ ಕಲ್ಲಪ್ಪನ ಎಡಗೈ ಕುದಿಯುವ ಹಬೆಯಲ್ಲಿ ಬೆಂದುಹೋಗಿದೆ" ಎಂಬಲ್ಲಿಗೆ ಬಂದಾಗ ಅಪ್ಪ ಮೊಣಕಾಲಿನ ಮೇಲಿದ್ದ ತಮ್ಮ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡರು. ಕೊನೆಯವರೆಗೂ ಬಿಡಲಿಲ್ಲ. ನನ್ನ ಕಡೆ ನೋಡಲಿಲ್ಲ.

"ಇನ್ನೊಂದ್ ಸಲ ಓದ್ರಿ ಸ್ವಾಮಿ."

ಮತ್ತೆ ಓದಿದರು.

"ಇದು ನಿಮ್ಮ ಹೆಬ್ಬೆಟ್ಟೇ?"

ಅಪ್ಪ ಎದ್ದು ಹತ್ತಿರ ಹೋಗಿ ನೋಡಿದರು. "ನಂದೇರಿ."

"ಇದರಲ್ಲಿರುವ ಮಾತು?"

ಅಪ್ಪ ಹಿಂತಿರುಗಿ ಬೆಂಚಿನ ಮೇಲೆ ಕೂತರು. ಅಮಲ್ದಾರರು ಕನ್ನಡಕ ತೆಗೆದಿಟ್ಟರು.

"ನೋಡಿ ಹುಚ್ಚರಾಯಪ್ಪ, ಮೇಲಿನವರಿಗೂ ಇದನ್ನು ಬೆಳೆಸುವ ಇಚ್ಛೆ ಇಲ್ಲ. ಚುನಾವಣೆಯ ಗದ್ದಲದಲ್ಲಿ ಯಾರೋ ಬರೆಸಿದರು, ನನಗೆ ಗೊತ್ತಿಲ್ಲ ಎಂದು ಹೇಳಿಕೆ ಕೊಟ್ಟು ವಾಪಸು ತೆಗೆದುಕೊಳ್ಳಿ. ನಿಮ್ಮ ಮಗನ ತೊಂದರೆ ಅಲ್ಲಿಗೇ ಮುಗಿಯಬಹುದು."

"ಹದಿನೈದ್ ದಿನ ವಾಯಿದೆ ಕೊಡ್ರಿ."

ಬಸ್ ನಿಲ್ಲುವ ಕಡೆ ಇಬ್ಬರೂ ನಿಂತಿದ್ದೆವು. ಜಡೆಯ ಬಸ್ಸು ಬಂದಿತು. ಅಪ್ಪ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು.

"ಬೆರಳು ಅದಾವಾ?"

"ಅದಾವಪ್ಪ. ಐದೂ."

"ನಿಮ್ಮವ್ವಗೆ ನಾನು ಹೇಳ್ತೀನಿ. ನೀನು ಬರಬ್ಯಾಡ."

೧೬ ಜೂನ್, ಭಾನುವಾರ

ಏನೂ ಬರೆಯಲಾಗುತ್ತಿಲ್ಲ.

೧೭ ಜೂನ್, ಸೋಮವಾರ

ಉಸ್ಮಾನ್ ಸಾಬರಿಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಲೇಖನಿಯನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು.

"ಆ ಕೊನೇ ಸಾಲೂ ಬರೆದಿದ್ಯಾ? ಓದಿ ಹೇಳಿದ್ದನ್ನು ಕೇಳಿ ಅಂತ?"

"ಬರೆದಿದ್ದೆ."

"ಇಪ್ಪತ್ತಾರು ವರ್ಷ ಆತು ಬೇಟಾ, ಈ ಜಗುಲೀಲಿ ಕೂತು. ನಾನು ಮಾರೋದು ಆ ಒಂದು ಸಾಲೇ. ಉಳಿದದ್ದನ್ನ ಯಾರಾದ್ರೂ ಬರೀತಾರೆ." ಆಮೇಲೆ, "ಜಡೆಗೆ ಹೋಗು" ಎಂದರು.

"ಬರಬೇಡ ಅಂದಿದಾರೆ."

"ಅಪ್ಪಂದಿರು ಹಂಗೇ ಅಂತಾರೆ. ಹೋಗು."

೨೦ ಜೂನ್, ಗುರುವಾರ. ಜಡೆ

ಅವ್ವ ತಟ್ಟೆ ಇಟ್ಟಳು, ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು. ಮಜ್ಜಿಗೆ ಬೇಕೋ ಎಂದು ಮಾತ್ರ ಕೇಳಲಿಲ್ಲ, ಹಾಕಿಬಿಟ್ಟಳು. ನಾನು ಏಳುವ ಹೊತ್ತಿಗೆ, "ಐದು ತಿಂಗಳು ನನ್ನ ಕಣ್ಣೆದುರಿಗೇ ಓಡಾಡಿದ್ಯಲ್ಲೋ, ಅದನ್ನ ಹೊಟ್ಯಾಗ ಇಟ್ಕಂಡು" ಎಂದಳು. ಅಷ್ಟೇ.

ಅಪ್ಪ ಗದ್ದೆಯ ಬದುವಿನ ಮೇಲೆ ಕೂತಿದ್ದರು. ನಾನು ಅಭ್ಯಾಸ ಮಾಡಿಕೊಂಡು ಬಂದಿದ್ದನ್ನೆಲ್ಲ ಹೇಳಿದೆ. ಅರ್ಜಿ ವಾಪಸು ತಗೊಳ್ಳಪ್ಪ. ಯಾರೋ ಬರೆಸಿದರು ಎನ್ನು. ಯಾರು ಎಂದರೆ ನನ್ನ ಹೆಸರು ಹೇಳು. ಅಣ್ಣನಿಗೆ ಹೊಸ ಹಡಗಿನ ಕೆಲಸ ಕಲಿಯುವ ದಾರಿ ತೆರೆದಿತ್ತು, ನಾನು ಮುಚ್ಚಿದೆ. ಅದು ಮತ್ತೆ ತೆರೆಯಲಿ.

"ನಕಲೈತಾ?"

"ಇದೆ."

"ಓದು."

ಕೆಸರು ಕಾಲಿನಲ್ಲಿ ಬದುವಿನ ಮೇಲೆ ನಿಂತು ನನ್ನ ಬರಹವನ್ನು ಅಪ್ಪನಿಗೆ ಓದಿದೆ. ಪ್ರತಿ ಸಾಲಿಗೂ ತಡೆದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ.

"'ತುಕ್ಕು ಹಿಡಿದ ಡಬ್ಬಿ' ಅಂತ ಕಲ್ಲಪ್ಪ ಬರೆದಿದ್ನಾ?"

"ಇಲ್ಲ. ನಾನು ಸೇರಿಸಿದ್ದು."

"ತಗಿ. ಮುಂದ?"

"'ನನ್ನ ಮಗನನ್ನು ಆ ಸಾವಿನ ಬಾಯಿಂದ ಬಿಡಿಸಿ ಕೊಡಿ.'"

"ನಾನ್ಯಾವಾಗ ಬಿಡಿಸಿ ಕೊಡ್ರಿ ಅಂದೆ? ಅವನಾಗೇ ಹೋದೋನು. ಹೊಡಿ ಅದನ್ನ."

'ಗುಲಾಮಗಿರಿ' ಹೋಯಿತು. 'ಭಾರತಾಂಬೆಯ ಕಣ್ಣೀರು' ಹೋಯಿತು. "ಅವ್ಳ ಕಣ್ಣೀರು ನೀ ನೋಡಿದ್ಯಾ? ಒಳಗ ನಿಮ್ಮವ್ವಂದು ನೋಡು ಹೋಗು." ನಾನು ಗೆರೆ ಎಳೆಯುತ್ತ ಹೋದೆ.

"'ಹಡಗನ್ನು ನಮ್ಮ ದೇಶದಲ್ಲೇ ಕಟ್ಟಬೇಕು.' ಇದು ಯಾಕ?"

ಕರಾವಳಿಯ ಉದ್ದ, ಇತಿಹಾಸ ಎಂದು ಶುರುಮಾಡಿದೆ. ಅಪ್ಪ ಕೈ ಎತ್ತಿದರು. "ಪುಸ್ತಕದ್ದು ಬ್ಯಾಡ. ಕಲ್ಲಪ್ಪನ ಕೈಗೂ ಇದಕ್ಕೂ ಏನು ಸಂಬಂಧ, ಅದನ್ನ ಹೇಳು."

ಯೋಚಿಸಬೇಕಾಯಿತು. ಇಷ್ಟು ದಿನ ಯಾರೂ ಹಾಗೆ ಕೇಳಿರಲಿಲ್ಲ.

"ಕೊಂಡು ತಂದ ಹಡಗಿನ ಒಳಗು ನಮಗೆ ಪೂರ್ತಿ ಗೊತ್ತಿರಲ್ಲಪ್ಪ. ಎಲ್ಲಿ ಸವೆದಿದೆ, ಎಲ್ಲಿ ಮುಂಚೆ ಬೆಸುಗೆ ಹಾಕಿದ್ದಾರೆ ಅನ್ನೋದು ಕಟ್ಟಿದವರಿಗೆ, ದುಡಿಸಿದವರಿಗೆ ಗೊತ್ತು. ಅವರು ದೂರ ಇದ್ದಾರೆ."

ಅಪ್ಪ ಬದುವಿನ ಮೇಲಿದ್ದ ಕಡ್ಡಿಯೊಂದನ್ನು ಮುರಿದರು.

"ನೇಗಿಲು ಮಾಡಿದ ಬಡಿಗ ಊರಾಗಿದ್ರೆ, ಮುರಿಯೋ ಮುಂಚೇನೇ ಅಂವ ಸದ್ದು ಕೇಳಿ ಹೇಳ್ತಾನ. ಸಂತ್ಯಾಗ ತಂದ ನೇಗಿಲು ಮುರಿದ ಮ್ಯಾಲೇ ಗೊತ್ತಾಗೋದು." ತಲೆ ಆಡಿಸಿದರು. "ಇದು ಖರೆ ಐತೆ. ಇದಿರ್ಲಿ."

ಕೊನೆಗೆ ಉಳಿದದ್ದು ಏಳು ಸಾಲು. ಮತ್ತೆರಡು ಸಲ ಓದಿಸಿದರು.

"ಇದನ್ನ ವಾಪಸ್ ತಗಳಾದಿಲ್ಲ."

ನನಗೆ ಅಳು ಬಂದಿತು. "ಅಪ್ಪ, ಅಣ್ಣನ ಹೆಸರು ಪಟ್ಟಿಯಿಂದ ಹೋಗ್ತದೆ. ಯಾರ ಮುಂದೆ ಇದನ್ನ ಇಡ್ತೀಯ? ಮಾತು ಕೊಟ್ಟವರೇ ಸೋತುಹೋದರು."

"ಮಾತು ಕೊಟ್ಟೋರು ಸೋತ್ರೆ ಮಾತೂ ಸೋಲ್ತೈತೇನೋ?" ಎಂದರು. ಆಮೇಲೆ ದನಿ ತಗ್ಗಿಸಿ, "ಸುಳ್ಳಿದ್ದಿದ್ರ ವಾಪಸ್ ತಗಂತಿದ್ದೆ. ಗೊತ್ತಿಲ್ದೆ ಒತ್ತಿದ್ದು ತಪ್ಪು. ಈಗ ಗೊತ್ತಾತಲ್ಲ. ಗೊತ್ತಾದ ಮ್ಯಾಲೆ ಗೊತ್ತಿಲ್ಲ ಅಂತ ಹ್ಯಾಂಗ ಹೇಳ್ಲಿ? ಆದ್ರ ಇದರ ಫಲ ಉಣ್ಣೋನು ಕಲ್ಲಪ್ಪ. ಅವನ್ನ ಕೇಳ್ದೆ ನಾನು ಹೂಂ ಅನ್ನಾದಿಲ್ಲ. ಈ ಏಳು ಸಾಲು ಬರ್ದು ಅವನಿಗೆ ಕಳ್ಸು. ಅಂವ ಬ್ಯಾಡ ಅಂದ್ರ ನಾಳೇನೇ ಹರಿದು ಹಾಕ್ತೀನಿ."

ಸಂಜೆಯ ಅಂಚೆಗೆ ಹಾಕಿದೆ. ಹಳೆಯ ಮನವಿ ನಾನೇ ಬರೆದದ್ದು ಎಂದೂ ಅಣ್ಣನಿಗೆ ಮೊದಲ ಬಾರಿ ಬರೆದೆ. ಆ ಒಂದು ಸಾಲಿಗೆ ಮೂರು ಹಾಳೆ ಹಾಳಾದವು.

೨೭ ಜೂನ್, ಗುರುವಾರ

ಅಣ್ಣನಿಂದ ತಂತಿ ಬಂತು. ಪೋಸ್ಟ್ ಮಾಸ್ತರರು ಕನ್ನಡಕ್ಕೆ ತಿರುಗಿಸಿ ಹೇಳಿದರು: "ನಿಜ ಇದ್ದಷ್ಟು ಇರಲಿ. ಅವ್ವನಿಗೆ ಕೈ ವಾಸಿಯಾಗಿದೆ ಎಂದು ಹೇಳು."

೨೮ ಜೂನ್, ಶುಕ್ರವಾರ. ಸೊರಬ

ಅಪ್ಪ ಏಳು ಸಾಲಿನ ಅರ್ಜಿ ಕೊಟ್ಟರು. ಹಳೆಯದನ್ನು ಇದರಂತೆ ತಿದ್ದಿಕೊಳ್ಳಬೇಕೆಂದು ಕೇಳಿಕೊಂಡರು. ನಾನು ಬೇರೆ ಹೇಳಿಕೆ ಕೊಟ್ಟೆ: ಅಣ್ಣ ನನಗೊಬ್ಬನಿಗೇ ಬರೆದಿದ್ದ, ಯಾರಿಗೂ ಹೇಳಬೇಡ ಎಂದಿದ್ದ. ನಾನು ತಂದೆಗೆ ಓದಿ ಹೇಳದೆ, ಬೇರೆ ಅರ್ಜಿಯ ನಕಲೆಂದು ಸುಳ್ಳು ಹೇಳಿ ಹೆಬ್ಬೆಟ್ಟು ತೆಗೆದುಕೊಂಡೆ. ಕೆಳಗಿನ ಸಾಲು ಸುಳ್ಳು.

ಅಮಲ್ದಾರರು ಎರಡನ್ನೂ ಓದಿ, "ನಿಮ್ಮ ತಂದೆ ಅರ್ಜಿಯೇ ಬೇಡ ಎಂದಿದ್ದರೆ ಎಲ್ಲ ಸುಲಭವಾಗಿತ್ತು" ಎಂದರು. ಇನ್ನು ಮೇಲೆ ಯಾವ ಅರ್ಜಿಗೂ ಬರೆದವನೆಂದು ನಾನು ಸಹಿ ಹಾಕುವಂತಿಲ್ಲ ಎಂದು ಬರೆದುಕೊಂಡರು. ಅಣ್ಣನ ವಿಷಯ ಮೇಲಿನವರಿಗೆ ಬಿಟ್ಟದ್ದು.

೧೫ ಆಗಸ್ಟ್, ಗುರುವಾರ

ಧ್ವಜಾರೋಹಣಕ್ಕೆ ಹೋಗಲಾಗಲಿಲ್ಲ. ಹುಲಿಯಮ್ಮ ಎಂಬ ಮುದುಕಿ ಆನವಟ್ಟಿಯ ಕಡೆಯಿಂದ ಬಂದಿದ್ದಳು. ಕಿವಿ ಮಂದ. ಅರ್ಜಿಯನ್ನು ಐದು ಸಲ ಓದಬೇಕಾಯಿತು. ಐದನೆಯ ಸಲ, "ನನ್ನ ಮೈದ್ನನ ಹೆಸ್ರು ಯಾಕ್ ಹಾಕಿದ್ಯೋ, ಅಂವ ಒಳ್ಳೇನು, ಅಂವನ ಹೆಂಡ್ರೇ ಸರಿ ಇಲ್ಲ" ಎಂದಳು. ಮೊದಲಿಂದ ಬರೆದೆ. ಸಹಿ ಉಸ್ಮಾನ್ ಸಾಬರು ಹಾಕಿದರು. ಅಷ್ಟರಲ್ಲಿ ಭಾಷಣ ಮುಗಿದು ಮಕ್ಕಳು ಮಿಠಾಯಿ ತಿನ್ನುತ್ತ ಹೋಗುತ್ತಿದ್ದರು.

೩ ಅಕ್ಟೋಬರ್, ಗುರುವಾರ

ಅಣ್ಣನ ಕಾಗದ. ತರಬೇತಿಗೆ ಹೋಗುವವರ ಪಟ್ಟಿ ಬಂದಿದೆ. ಅವನ ಹೆಸರಿಲ್ಲ. ಕಾರಣ ಹೇಳಿಲ್ಲ. ಅವನ ಜಾಗದಲ್ಲಿ ಹೋದವನು ಒಳ್ಳೆಯ ಕೆಲಸಗಾರ ಎಂದು ಬರೆದಿದ್ದಾನೆ. ಬಾಯ್ಲರಿನ ಕೊಳವೆಗಳನ್ನೆಲ್ಲ ಬದಲಿಸಿದರಂತೆ. ಮೊದಲೇ ಗೊತ್ತಾಗಿದ್ದ ಕೆಲಸವೋ, ಏಳು ಸಾಲಿನಿಂದ ಆದದ್ದೋ ಅವನಿಗೂ ತಿಳಿಯದು.

ಅಪ್ಪನಿಗೆ ಓದಿ ಹೇಳಲು ಶನಿವಾರ ಹೋಗಬೇಕು. ಶಿವಮೊಗ್ಗದಿಂದ ಹೊಸ ಪುಸ್ತಿಕೆ ಬಂದು ವಾರವಾಯಿತು. ಕಟ್ಟು ಬಿಚ್ಚಿಲ್ಲ.

೧೫ ಡಿಸೆಂಬರ್, ಭಾನುವಾರ. ಜಡೆ

ಅಣ್ಣ ಬಂದಿದ್ದಾನೆ, ಹತ್ತು ದಿನದ ರಜೆ. ಬಂದವನೇ ಅಂಗಿಯ ತೋಳು ಮಡಿಸಿ ಅವ್ವನ ಮುಂದೆ ಕೂತ. ಅವ್ವ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಚರ್ಮ ತೆಳ್ಳಗೆ, ಕೆಂಪಾಗಿ, ಹಾಲಿನ ಕೆನೆ ಸುಕ್ಕಾದ ಹಾಗಿದೆ. ಕೊಬ್ಬರಿ ಎಣ್ಣೆ ತಂದು ಹಚ್ಚತೊಡಗಿದಳು. ಅಣ್ಣ ಸುಮ್ಮನೆ ಹಚ್ಚಿಸಿಕೊಂಡ.

ಮಧ್ಯಾಹ್ನ ಕೆರೆಗೆ ಇಬ್ಬರೇ ಹೋದೆವು. ಎಡಗೈಯ ಬೆರಳುಗಳು ಪೂರ್ತಿ ಮಡಚುವುದಿಲ್ಲ. ನಾನು ಬೆನ್ನಿಗೆ ನೀರು ಹಾಕಿದೆ. ಕ್ಷಮಿಸು ಎನ್ನಲು ನಾಲ್ಕೈದು ಸಲ ಬಾಯಿ ತೆರೆದೆ.

"ನೀ ನಮ್ಮ ಹಡಗನ್ನ ಡಬ್ಬಿ ಅಂತ ಬರೆದಿದ್ಯಲ್ಲ ತಮ್ಮಾ," ಎಂದ ಅಣ್ಣ. "ಅಚ್ಚಾದ ಕಾಗದದಲ್ಲಿ ಅದೇ ಮೊದಲು ಕಣ್ಣಿಗೆ ಬಿತ್ತು. ಆ ಡಬ್ಬೀನ ಆರು ವರ್ಷ ಉಜ್ಜಿದ್ದೀನಿ ನಾನು. ಬಿರುಗಾಳೀಲಿ ಅದು ನಮ್ಮ ನೂರಾರು ಜನಾನ ಹೊತ್ಕೊಂಡು ಬಂದೈತೆ. ಅಧಿಕಾರಿ ಬೈದಿದ್ದಕ್ಕಿಂತ ಅದು ಹೆಚ್ಚು ಚುಚ್ಚಿತು."

"ತಪ್ಪಾಯ್ತು ಅಣ್ಣ."

"ಹೊಸಾದು ಬೇಕು ಅಂದಿದ್ದು ತಪ್ಪಲ್ಲ. ನಾವೇ ಕಟ್ಟಬೇಕು ಅಂದಿದ್ದೂ ತಪ್ಪಲ್ಲ. ಬಾಯ್ಲರ್ ಮುಂದೆ ನಿಂತ ನಮಗಿಂತ ಯಾರಿಗೆ ಬೇಕದು? ನನ್ನ ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿದ್ದೆ, ಹೆಸರು ಬಿಟ್ಟು ಬರಿ ಅಂತ." ನೀರೊಳಗೆ ಮುಳುಗಿ ಎದ್ದ. "ನಾ ಕಲಿಯಬೇಕಿತ್ತು ಆ ಹೊಸ ಯಂತ್ರಾನ. ಬಹಳ ಆಸೆ ಇತ್ತು."

ಕ್ಷಮಿಸಿದ್ದೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಒದ್ದೆ ಪಂಚೆ ಹಿಂಡಲು ಅವನಿಗೆ ಎರಡು ಕೈ ಬೇಕಿತ್ತು. ಒಂದು ತುದಿ ನಾನು ಹಿಡಿದೆ.

೨೨ ಡಿಸೆಂಬರ್, ಭಾನುವಾರ. ಆನವಟ್ಟಿ

ಅಣ್ಣ ಹೊರಟ. ಅಪ್ಪನೂ ನಾನೂ ಆನವಟ್ಟಿಯವರೆಗೆ ಬಂದೆವು. ಬಸ್ಸು ತಡವಿತ್ತು. ಚಹಾ ಕುಡಿಯುತ್ತ ಅಪ್ಪ ಅದೂ ಇದೂ ಕೇಳುತ್ತಿದ್ದರು. ಹಡಗಿನಲ್ಲಿ ಅನ್ನ ಮಾಡುತ್ತಾರಾ, ಕುಡಿಯುವ ನೀರು ಎಲ್ಲಿಂದ, ಕೊಡೆ ಹಿಡಿಯುತ್ತಾರಾ. ಅಣ್ಣ ನಗುತ್ತ ಹೇಳುತ್ತಿದ್ದ. ಬಸ್ಸು ಬಂದು ಪೆಟ್ಟಿಗೆ ಮೇಲೇರಿಸಿದ ಮೇಲೆ ಅಪ್ಪ ಕಿಟಕಿಯ ಸರಳು ಹಿಡಿದುಕೊಂಡರು.

"ಈಗ ನೀ ಇಲ್ಲಿದ್ದೀಯಲ್ಲ, ಆ ಬಾಯ್ಲರ್ ಮುಂದ ಯಾರ್ ನಿಂತಾರ?"

"ಮುತ್ತಯ್ಯ ಅಂತ ಒಬ್ಬ ಅಪ್ಪ. ಮದ್ರಾಸ್ ಕಡೆಯೋನು."

"ಅವನಿಗೆ ಅಪ್ಪ ಅದಾನಾ?"

"ಅದಾರೆ. ರೈತರು. ನಮ್ಹಂಗೆ ಭತ್ತ ಬೆಳೀತಾರೆ."

"ಅವರಿಗೆ ಗೊತ್ತೈತಾ, ಮಗ ಎಂಥಾ ಹಡಗಿನಾಗ ಅದಾನ ಅಂತ?"

ಅಣ್ಣ ಇಲ್ಲವೆಂದು ತಲೆಯಾಡಿಸಿದ.

"ಊರು ಹೇಳು," ಎಂದರು ಅಪ್ಪ. "ಮೊದ್ಲು ಮುತ್ತಯ್ಯನ್ನ ಕೇಳು, ಅಂವ ಹೂಂ ಅಂದ್ರ ಒಂದು ಕಾಗದ ಹಾಕು. ಆಮ್ಯಾಲೆ ನಾವು ಅವರಪ್ಪಗ ಬರೀತೀವಿ. ಒಬ್ಬನ ಮಾತು ಅಂದ್ರ ಕರೆಸಿ ಕೇಳ್ತಾರ. ಹತ್ತು ಜನ ಅಪ್ಪಂದಿರು ಅಂದ್ರ ಕೂತು ಕೇಳಬೇಕಾಗ್ತೈತೆ."

ಕಂಡಕ್ಟರು ಸೀಟಿ ಊದಿದ. ಅಣ್ಣ ಊರಿನ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದ. ನಾನು ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡಿ ಅಂಗೈಯ ಮೇಲೆ ಬರೆದುಕೊಂಡೆ. ನಾಗಪಟ್ಟಣದ ಹತ್ತಿರ, ಒಂದು ಸಣ್ಣ ಹಳ್ಳಿ.

ಶಿಕಾರಿಪುರದಲ್ಲಿ ತಮಿಳು ಬರೆಯಬಲ್ಲವರು ಯಾರಿದ್ದಾರೋ, ನಾಳೆ ಉಸ್ಮಾನ್ ಸಾಬರನ್ನು ಕೇಳಬೇಕು.